ಸಾಗರ ತಾಲ್ಲೂಕಿನ ಕಲೆಗಳು: ಯಾವುದು, ಯಾವ ತಿಂಗಳಲ್ಲಿ, ಯಾರ ದುಡ್ಡಿನಲ್ಲಿ? ಇಲ್ಲಿದೆ ಪೂರ್ತಿ ಮಾಹಿತಿ

ಸಾಗರ: ಸಾಗರ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಜೋಗ ಜಲಪಾತ, ಸಿಗಂದೂರು, ಅಡಿಕೆ ಮಂಡಿ. ಆದರೆ ಇದೇ ತಾಲ್ಲೂಕಿನಲ್ಲಿ ಮರದ ಕೆತ್ತನೆ, ಗೋಡೆ ಚಿತ್ತಾರ, ಯಕ್ಷಗಾನ, ತಾಳಮದ್ದಲೆ, ಡೊಳ್ಳು, ಅಂಟಿಗೆ-ಪಂಟಿಗೆ, ಆಧುನಿಕ ನಾಟಕ, ಕೈಮಗ್ಗ ಎಲ್ಲವೂ ಇವೆ. ಇಷ್ಟು ಕಲೆಗಳು ಒಂದೇ ತಾಲ್ಲೂಕಿನಲ್ಲಿ ಸಿಗೋದು ಅಪರೂಪ.

ಇವು ಇಷ್ಟು ವರ್ಷ ಉಳಿದಿದ್ದು ಹೇಗೆ? ಕಾರಣ ಸರಳ. ಪ್ರತಿ ಕಲೆಗೂ ಊರಲ್ಲೇ ಒಬ್ಬ ಗಿರಾಕಿ ಇದ್ದ. ಮದುವೆ ಮನೆಯವರು ಚಿತ್ತಾರ ಬರೆಸುತ್ತಿದ್ದರು, ಹರಕೆ ಹೊತ್ತವರು ಆಟ ಆಡಿಸುತ್ತಿದ್ದರು, ಹಬ್ಬದ ಮನೆಯವರು ಹಾಡುವವರ ದೀಪಕ್ಕೆ ಎಣ್ಣೆ ಎರೆಯುತ್ತಿದ್ದರು. ಆ ಗಿರಾಕಿ ಎಲ್ಲಿ ಇನ್ನೂ ಇದ್ದಾನೋ ಅಲ್ಲಿ ಕಲೆ ನಡೀತಿದೆ. ಎಲ್ಲಿ ಇಲ್ಲವೋ ಅಲ್ಲಿ ಕಷ್ಟದಲ್ಲಿದೆ. ಯಾವ ಕಲೆಯ ಸ್ಥಿತಿ ಈಗ ಹೇಗಿದೆ, ಊರಿನವರು ಮತ್ತು ಅಂಗಡಿಯವರು ಏನು ಮಾಡಬಹುದು ಅನ್ನೋದರ ವಿವರ ಇಲ್ಲಿದೆ.

ಊರಿನ ಹಿನ್ನೆಲೆ ಚುಟುಕಾಗಿ

ಸಾಗರ ಪೇಟೆಗೆ ಹೆಸರು ಬಂದಿದ್ದು ಒಂದು ಕೆರೆಯಿಂದ. ಕೆಳದಿಯ ಸದಾಶಿವ ನಾಯಕ ಕೆಳದಿ ಮತ್ತು ಇಕ್ಕೇರಿ ನಡುವೆ ಕಟ್ಟಿಸಿದ ಸದಾಶಿವ ಸಾಗರವೇ ಇವತ್ತಿನ ಗಣಪತಿ ಕೆರೆ. ಕೆಳದಿ ಅರಸರ ಆಳ್ವಿಕೆ 1499ರಿಂದ 1763ರವರೆಗೆ ನಡೆಯಿತು. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಈಗ ಹೊಸನಗರ ತಾಲ್ಲೂಕಿನಲ್ಲಿರುವ ಬಿದನೂರು.

ಆ ಕಾಲದ ಕೆತ್ತನೆ ನೋಡಬೇಕು ಅನ್ನೋರು ಎರಡು ಕಡೆ ಹೋಗಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಒಂದು. ಕೆಳದಿಯ ರಾಮೇಶ್ವರ, ವೀರಭದ್ರ ದೇವಸ್ಥಾನ ಇನ್ನೊಂದು. ವೀರಭದ್ರ ದೇವಸ್ಥಾನದ ಮೇಲ್ಛಾವಣಿಯಲ್ಲಿರುವ ಗಂಡಭೇರುಂಡವನ್ನು ತಲೆ ಎತ್ತಿ ನೋಡದೆ ವಾಪಸ್ ಬರಬಾರದು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಸ್ತಪ್ರತಿಗಳಿವೆ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಹಾಕಿದ ಸಂಗ್ರಹ ಅದು.

1. ಗುಡಿಗಾರರ ಕೆತ್ತನೆ

ಸಾಗರದ ಹೆಸರು ದೇಶಕ್ಕೆ ಗೊತ್ತಾಗಿದ್ದು ಶ್ರೀಗಂಧದ ಕೆತ್ತನೆಯಿಂದ. ಕೆತ್ತುವವರು ಗುಡಿಗಾರ ಸಮುದಾಯದವರು. ಸಾಗರ ಅಲ್ಲದೆ ಸೊರಬ, ಶಿರಸಿ, ಕುಮಟಾ, ಹೊನ್ನಾವರದಲ್ಲೂ ಈ ಮನೆತನಗಳಿವೆ. ದೇವರ ಮೂರ್ತಿ, ಪೆಟ್ಟಿಗೆ, ಹಾರ, ಮಂಟಪ, ಬಾಗಿಲ ಚೌಕಟ್ಟು ಎಲ್ಲ ಇವರ ಕೈಯಲ್ಲಿ ಆಗುತ್ತದೆ. ಬರೀ ಮರ ಮಾತ್ರ ಅಲ್ಲ. ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ ಮಾಡುವುದೂ ಇವರ ಪರಂಪರೆಯ ಕೆಲಸ.

ಈ ಕಸುಬಿಗೆ ಪೆಟ್ಟು ಬಿದ್ದಿದ್ದು ಕಚ್ಚಾ ಸಾಮಗ್ರಿಯ ಕಡೆಯಿಂದ. ಹಿಂದೆ ಆನೆದಂತದಲ್ಲೂ ಕೆತ್ತುತ್ತಿದ್ದರು. ವನ್ಯಜೀವಿ ಕಾನೂನು ಬಿಗಿಯಾದ ಮೇಲೆ ಅದು ಪೂರ್ತಿ ನಿಂತಿತು. ಶ್ರೀಗಂಧದ ಮರ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ್ದೇ ಅನ್ನುವ ನಿಯಮ ಬಹಳ ಕಾಲ ಇತ್ತು. ಹೀಗಾಗಿ ರೈತರು ಯಾರೂ ನೆಡಲಿಲ್ಲ, ಕಾಡಿನಲ್ಲಿದ್ದದ್ದನ್ನು ಕಳ್ಳರು ಬಿಡಲಿಲ್ಲ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನ ಮಾಲೀಕನೇ ಮರದ ಮಾಲೀಕನೂ ಆದ. ಆದರೆ ಕೆತ್ತನೆಗೆ ಬೇಕಾದ ಚೇಗು ಕಟ್ಟಿಕೊಳ್ಳಲು ಮರಕ್ಕೆ ಹಲವು ವರ್ಷ ಬೇಕು. ಹಾಗಾಗಿ ಗಂಧದ ರೇಟು ಸಾಮಾನ್ಯ ಕುಶಲಕರ್ಮಿಯ ಕೈಗೆ ಎಟುಕುವುದಿಲ್ಲ. ಈಗ ಹೆಚ್ಚಿನವರು ಶಿವನೆ, ಸಾಗುವಾನಿಯಂಥ ಬೇರೆ ಮರಗಳಲ್ಲಿ ಕೆತ್ತುತ್ತಾರೆ.

ಗಿರಾಕಿ ಯಾರು? ದೇವಸ್ಥಾನದ ಸಮಿತಿಗಳು, ಹೊಸ ಮನೆ ಕಟ್ಟಿಸುವವರು, ಸನ್ಮಾನಕ್ಕೆ ಉಡುಗೊರೆ ಕೊಡುವ ಸಂಘಗಳು. ಊರಿನ ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಪ್ಲಾಸ್ಟಿಕ್ ಮೊಮೆಂಟೊ ತರಿಸುವ ಬದಲು ಇಲ್ಲೇ ಒಂದು ಸಣ್ಣ ಕೆತ್ತನೆ ಮಾಡಿಸಿದರೆ ಆ ದುಡ್ಡು ಊರಲ್ಲೇ ಉಳಿಯುತ್ತದೆ. ಕೈಕೆಲಸ ಆದ್ದರಿಂದ ಮುಂಚಿತವಾಗಿ ಹೇಳಬೇಕು. ಹಿಂದಿನ ದಿನ ಹೋಗಿ ಕೇಳಿದರೆ ಆಗಲ್ಲ.

2. ಹಸೆ ಚಿತ್ತಾರ ಮತ್ತು ಭೂಮಣ್ಣಿ ಬುಟ್ಟಿ

ದೀವರ ಮನೆಗಳ ಹೆಣ್ಣುಮಕ್ಕಳ ಕಲೆ ಇದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಅಂಗಡಿಯಿಂದ ಏನೂ ತರಬೇಕಿಲ್ಲ. ಸರಳ ರೇಖೆ, ಚೌಕ, ತ್ರಿಕೋನಗಳಲ್ಲೇ ಮದುಮಕ್ಕಳು, ದಂಡಿಗೆ, ವಾದ್ಯದವರು, ಹಕ್ಕಿ, ತೆನೆ ಎಲ್ಲ ಮೂಡುತ್ತವೆ. ಮದುವೆ ಮನೆಯಲ್ಲಿ ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆಗೆ ಬರೆಯುವುದರಿಂದ ಹಸೆಗೋಡೆ ಚಿತ್ತಾರ ಅನ್ನುತ್ತಾರೆ.

ಆಶ್ವಯುಜ ಮಾಸದ ಹುಣ್ಣಿಮೆಯೇ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಹೊತ್ತು. ಭೂಮಿತಾಯಿ ಬಸುರಿ ಅಂತ ಭಾವಿಸಿ ಅವಳಿಗೆ ಬಯಕೆ ಊಟ ಒಯ್ಯುವ ಹಬ್ಬ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದರೆ ಅದು ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಅದೇ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ, ತೋಟಕ್ಕೆ ಹೋಗುತ್ತಾರೆ.

ಈ ಕಲೆಗೆ ಬಂದ ಕಷ್ಟ ಗೋಡೆಯದ್ದು. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆ, ಅದರ ಮೇಲೆ ಎಮಲ್ಶನ್ ಪೇಂಟ್ ಬಂತು. ಮದುವೆಗಳು ಮನೆ ಅಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋದವು. ಬರೆಯೋಣ ಅಂದರೆ ಗೋಡೆಯೇ ಇಲ್ಲ. ಈಗ ಚಿತ್ತಾರ ಬಟ್ಟೆ, ಹಲಗೆ, ಕಾಗದದ ಮೇಲೆ ಬಂದಿದೆ, ಚೌಕಟ್ಟು ಹಾಕಿಸಿ ಮಾರುವಂತಾಗಿದೆ. ಇದರಿಂದ ಕೆಲವು ಕಲಾವಿದರಿಗೆ ಹೊರಗಿನ ಗಿರಾಕಿ ಸಿಕ್ಕಿದ್ದಾರೆ. ಆದರೆ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿದ್ದ ಕಲಿಕೆ ನಡೆಯುತ್ತಿದ್ದದ್ದು ಮದುವೆ ಮನೆಯಲ್ಲೇ. ಹಾಗಾಗಿ ಮಂಟಪದ ಮದುವೆಯಲ್ಲೂ ಒಂದು ಹಲಗೆಗೆ ಕೆಮ್ಮಣ್ಣು ಬಳಿಸಿ ಮನೆಯ ಹೆಣ್ಣುಮಕ್ಕಳ ಕೈಲೇ ಹಸೆ ಬರೆಸಿದರೆ ಕಲೆ ಉಳಿಯುತ್ತದೆ.

ಬುಟ್ಟಿ ಹೆಣೆಯುವವರನ್ನೂ ಮರೆಯುವಂತಿಲ್ಲ. ಬಿದಿರಿನ ಬುಟ್ಟಿ ಸಿಗದೆ ಹೋದರೆ ಭೂಮಣ್ಣಿ ಬುಟ್ಟಿಯೂ ಇಲ್ಲ. ಒಂದು ಕಲೆ ಇನ್ನೊಂದು ಕಸುಬಿನ ಮೇಲೆ ನಿಂತಿರುತ್ತದೆ.

3. ಅಂಟಿಗೆ-ಪಂಟಿಗೆ

ಮಲೆನಾಡಿನ ದೀಪಾವಳಿಯ ವಿಶೇಷ ಇದು. ಬಲಿಪಾಡ್ಯಮಿಯ ರಾತ್ರಿ ತಂಡವೊಂದು ದೀಪ ಹಚ್ಚಿಕೊಂಡು ಮನೆಮನೆಗೆ ಹಾಡುತ್ತಾ ಹೋಗುತ್ತದೆ. ಮುಂದೆ ಇಬ್ಬರು ಹಾಡಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ದೀಪ ಆರಬಾರದು. ಮನೆಯವರು ದೀಪಕ್ಕೆ ಎಣ್ಣೆ ಎರೆದು, ತಮ್ಮ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಹಾಡುವವರಿಗೆ ಕಾಗದ ಇಲ್ಲ, ಎಲ್ಲ ಬಾಯಿಪಾಠ.

ಇದಕ್ಕೆ ವೇದಿಕೆ, ಮೈಕು, ಅನುದಾನ ಏನೂ ಬೇಡ. ಬೇಕಾಗಿರುವುದು ಎರಡೇ. ಹಾಡು ಗೊತ್ತಿರುವ ಹಿರಿಯರು, ರಾತ್ರಿ ಬಾಗಿಲು ತೆರೆಯುವ ಮನೆ. ಮಕ್ಕಳು ಓದಿಗೆ, ಕೆಲಸಕ್ಕೆ ಊರು ಬಿಟ್ಟಿರುವುದರಿಂದ ಮೊದಲನೆಯದು ಕಡಿಮೆಯಾಗ್ತಿದೆ. ದೀಪಾವಳಿಗೆ ಊರಿಗೆ ಬರುವ ಹುಡುಗರು ಮೊಬೈಲ್‌ನಲ್ಲಿ ಹಿರಿಯರ ಹಾಡು ರೆಕಾರ್ಡ್ ಮಾಡಿಟ್ಟುಕೊಂಡರೆ ಅದೇ ಮುಂದಿನವರಿಗೆ ಪಠ್ಯ. ರೆಕಾರ್ಡ್ ಮಾಡಿ ಇಟ್ಟರಷ್ಟೇ ಸಾಲದು, ತಂಡದ ಹಿಂದೆ ನಿಂತು ಎರಡನೇ ಸಾಲು ಎತ್ತಿಕೊಂಡರೆ ಮಾತ್ರ ಬಾಯಿಗೆ ಬರುತ್ತದೆ.

4. ಯಕ್ಷಗಾನ ಮತ್ತು ತಾಳಮದ್ದಲೆ

ಸಾಗರ ತಾಲ್ಲೂಕು ಘಟ್ಟದ ಮೇಲಿದ್ದರೂ ಯಕ್ಷಗಾನದ ಮಟ್ಟಿಗೆ ಕರಾವಳಿಗೇ ಸೇರಿದಂತೆ. ಪಕ್ಕದಲ್ಲೇ ಹೊನ್ನಾವರ, ಸಿದ್ದಾಪುರ. 1934ರಲ್ಲಿ ಶುರುವಾದ ಕೆರೆಮನೆಯ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇರುವುದೂ ಹೊನ್ನಾವರ ತಾಲ್ಲೂಕಿನಲ್ಲೇ. ಇಲ್ಲಿ ನಡೆಯುವುದು ಬಡಗುತಿಟ್ಟಿನ ಆಟ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ಮಳೆ ಹಿಡಿಯುವವರೆಗೂ ತಿರುಗಾಟ.

ಆಟ ಎರಡು ಥರ ನಡೆಯುತ್ತದೆ. ಹರಕೆ ಆಟವಾದರೆ ಖರ್ಚು ಹರಕೆ ಹೊತ್ತವರದ್ದು, ನೋಡಲು ದುಡ್ಡಿಲ್ಲ. ಟಿಕೆಟ್ ಆಟವಾದರೆ ಊರಿನ ಸಂಘಟಕರು ಮೇಳಕ್ಕೆ ಇಷ್ಟು ಅಂತ ಮಾತಾಡಿಕೊಂಡು, ಟಿಕೆಟ್ ಮಾರಿ, ಲಾಭ-ನಷ್ಟ ತಾವೇ ಹೊರುತ್ತಾರೆ.

ಮೊದಲು ಆಟ ಅಂದರೆ ಬೆಳಗಿನವರೆಗೆ. ಈಗ ಹೆಚ್ಚೆಚ್ಚು ಕಡೆ ಕಾಲಮಿತಿ ಪ್ರದರ್ಶನ. ಬೆಳಗ್ಗೆ ಅಂಗಡಿ ತೆಗೆಯುವವರು, ನೌಕರಿಗೆ ಹೋಗುವವರು ರಾತ್ರಿಯಿಡೀ ಕೂರಲ್ಲ ಅನ್ನೋದು ಒಂದು ಕಾರಣ, ಮೈಕಿನ ನಿಯಮ ಇನ್ನೊಂದು ಕಾರಣ. ಇದರಿಂದ ಪ್ರೇಕ್ಷಕರು ಹೆಚ್ಚಿದ್ದಾರೆ ಅನ್ನೋರೂ ಇದ್ದಾರೆ, ಪ್ರಸಂಗದ ನಡೆ ಕೆಟ್ಟಿತು ಅನ್ನೋರೂ ಇದ್ದಾರೆ. ಆದರೆ ಕೂತು ನೋಡುವವರು ಇದ್ದರಷ್ಟೇ ಎರಡೂ ನಡೆಯುತ್ತದೆ.

ಮಳೆಗಾಲದಲ್ಲಿ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ. ಖರ್ಚು ಕಡಿಮೆ. ದೊಡ್ಡ ಜಗುಲಿ ಅಥವಾ ಸಭಾಭವನ, ಒಂದು ರಾತ್ರಿ ಊಟ ಇದ್ದರೆ ಸಾಕು. ಮಾತು ಕೇಳುವ ಆಸೆ ಇರುವ ಊರಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆ ಕಾರ್ಯಕ್ರಮ ಇಲ್ಲ.

5. ಡೊಳ್ಳು ಕುಣಿತ

ಬೀರಲಿಂಗೇಶ್ವರನ ಆರಾಧನೆಯ ಜೊತೆ ಬಂದ ಕಲೆ, ಕುರುಬ ಸಮುದಾಯದವರದ್ದು. ಈಗ ಎಲ್ಲ ಸಮುದಾಯದ ಯುವಕರ ತಂಡಗಳಿವೆ, ಹೆಣ್ಣುಮಕ್ಕಳ ತಂಡಗಳೂ ಇವೆ. ಗಣಪತಿ ಮೆರವಣಿಗೆ, ರಾಜ್ಯೋತ್ಸವ, ಜಾತ್ರೆ ಎಲ್ಲಕ್ಕೂ ಡೊಳ್ಳು ಬೇಕು. ಈ ಪಟ್ಟಿಯ ಉಳಿದ ಕಲೆಗಳಿಗೆ ಹೋಲಿಸಿದರೆ ಬೇಡಿಕೆಯ ತೊಂದರೆ ಇದಕ್ಕೆ ಕಡಿಮೆ. ಇದರ ಸ್ಪರ್ಧೆ ಡಿಜೆ ಜೊತೆ. ಮೆರವಣಿಗೆ ಸಮಿತಿ ಯಾವುದಕ್ಕೆ ಮುಂಗಡ ಕೊಡುತ್ತದೆ ಅನ್ನೋದರ ಮೇಲೆ ಒಂದು ತಂಡದ ಇಡೀ ವರ್ಷದ ಸಂಪಾದನೆ ನಿಂತಿರುತ್ತದೆ.

6. ಹೆಗ್ಗೋಡಿನ ನೀನಾಸಂ

ಪೇಟೆಯಿಂದ ಸ್ವಲ್ಪ ದೂರದಲ್ಲಿರುವ ಹೆಗ್ಗೋಡು ನಾಟಕದ ಊರು ಅಂತಲೇ ಹೆಸರಾಗಿದೆ. 1949ರಲ್ಲಿ ಊರಿನವರೇ ಸೇರಿ ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ನೀನಾಸಂ. ಅಡಿಕೆ ಬೆಳೆಗಾರರ ಹವ್ಯಾಸಿ ಸಂಘವಾಗಿದ್ದ ಇದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ.

ಮುಖ್ಯ ಘಟ್ಟಗಳು ಹೀಗಿವೆ:

- 1972: ಶಿವರಾಮ ಕಾರಂತ ರಂಗಮಂದಿರ
- 1973: ಚಿತ್ರಸಮಾಜ. ಹಳ್ಳಿಯವರಿಗೆ ಪ್ರಪಂಚದ ಒಳ್ಳೆಯ ಸಿನಿಮಾ ತೋರಿಸುವ ಕೆಲಸ
- 1980: ರಂಗಶಿಕ್ಷಣ ಕೇಂದ್ರ. ಇಲ್ಲಿ ಕಲಿತವರು ರಾಜ್ಯದ ಉದ್ದಗಲಕ್ಕೂ ರಂಗಭೂಮಿ, ಶಾಲೆ, ಸಿನಿಮಾಗಳಲ್ಲಿದ್ದಾರೆ
- 1985: ತಿರುಗಾಟ. ಊರೂರಿಗೆ ನಾಟಕ ಒಯ್ಯುವ ತಂಡ
- 1991: ಸುಬ್ಬಣ್ಣ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ

ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಸಂಸ್ಕೃತಿ ಶಿಬಿರ ನಡೆಯುತ್ತದೆ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಹಗಲು ಉಪನ್ಯಾಸ, ಚರ್ಚೆ, ಸಂಜೆ ನಾಟಕ.

ತಿರುಗಾಟದ ಲೆಕ್ಕಾಚಾರ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಕಂಪನಿ ನಾಟಕದಂತೆ ಒಂದೇ ಊರಲ್ಲಿ ತಿಂಗಳುಗಟ್ಟಲೆ ಟೆಂಟ್ ಹಾಕಿದರೆ ಖರ್ಚು ಹೆಚ್ಚು. ಅದರ ಬದಲು ತಂಡ ಬರುತ್ತದೆ, ಆಡುತ್ತದೆ, ಮುಂದಿನ ಊರಿಗೆ ಹೊರಡುತ್ತದೆ. ಜಾಗ, ಊಟ, ಪ್ರೇಕ್ಷಕರನ್ನು ಸೇರಿಸುವ ಕೆಲಸ ಊರಿನ ಸಂಘಟಕರದ್ದು. ಅಂದರೆ ನಾಟಕ ಎಷ್ಟೇ ಚೆನ್ನಾಗಿದ್ದರೂ ಊರಲ್ಲಿ ನಾಲ್ಕು ಜನ ಜವಾಬ್ದಾರಿ ಹೊರದಿದ್ದರೆ ಆ ಊರಿಗೆ ನಾಟಕ ಇಲ್ಲ.

7. ಭೀಮನಕೋಣೆಯ ಚರಕ

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ ಮಹಿಳಾ ಸಹಕಾರ ಸಂಘ ಚರಕ. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ನೈಸರ್ಗಿಕ ಬಣ್ಣ ಹಾಕಿ, ಹೊಲಿದು ಮಾಡಿದ ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರು ಇಲ್ಲಿ ಬಟ್ಟೆಯ ಬಣ್ಣವಾಗುತ್ತದೆ. 2020ರಲ್ಲಿ ಮಾರಾಟ ನಿಂತು ಸಂಘ ದೊಡ್ಡ ಸಂಕಷ್ಟಕ್ಕೆ ಸಿಕ್ಕಿಕೊಂಡಿದ್ದನ್ನು ತಾಲ್ಲೂಕಿನವರು ನೋಡಿದ್ದಾರೆ. ಗ್ರಾಹಕ ಇಲ್ಲದಿದ್ದರೆ ಎಂಥ ಒಳ್ಳೆ ಕೆಲಸವೂ ನಿಲ್ಲುತ್ತದೆ ಅನ್ನೋದಕ್ಕೆ ಹತ್ತಿರದ ಉದಾಹರಣೆ ಇದು.

8. ಮಾರಿಕಾಂಬಾ ಜಾತ್ರೆ

ಮೂರು ವರ್ಷಕ್ಕೊಮ್ಮೆ, ಫೆಬ್ರುವರಿ ಹೊತ್ತಿಗೆ, ಒಂಬತ್ತು ದಿನ. ಮೊದಲ ದಿನ ದೇವಿ ತವರುಮನೆಯಲ್ಲಿ, ಆಮೇಲೆ ಮೆರವಣಿಗೆಯಲ್ಲಿ ಗಂಡನ ಮನೆಗೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಸಮಯ. ಜಾತ್ರೆಯ ದಿನಗಳಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವೇದಿಕೆ ಇರುತ್ತದೆ, ನಾಟಕ ಕಂಪನಿಗಳೂ ಬರುತ್ತವೆ. ಪೇಟೆಯ ಅಂಗಡಿಗಳಿಗೆ ಇದಕ್ಕಿಂತ ದೊಡ್ಡ ಸೀಸನ್ ಇಲ್ಲ. ಸ್ಥಳೀಯ ಕಲಾವಿದರಿಗೂ ಅಷ್ಟೇ ದೊಡ್ಡ ಅವಕಾಶ ಸಿಗಬೇಕು ಅಂದರೆ ಕಾರ್ಯಕ್ರಮದ ಪಟ್ಟಿ ಮಾಡುವ ಹೊತ್ತಿಗೇ ತಂಡಗಳು ಅರ್ಜಿ ಕೊಡಬೇಕು.

ವರ್ಷದ ಕ್ಯಾಲೆಂಡರ್

- ಜೂನ್‌ನಿಂದ ಸೆಪ್ಟೆಂಬರ್: ತಾಳಮದ್ದಲೆ, ನಾಟಕದ ತಾಲೀಮು, ಗಣಪತಿ ಮೂರ್ತಿ ಕೆಲಸ, ಚೌತಿ ಮೆರವಣಿಗೆ
- ಅಕ್ಟೋಬರ್: ದಸರಾ, ನೀನಾಸಂ ಶಿಬಿರ, ಭೂಮಿ ಹುಣ್ಣಿಮೆ
- ಅಕ್ಟೋಬರ್-ನವೆಂಬರ್: ದೀಪಾವಳಿಯ ಅಂಟಿಗೆ-ಪಂಟಿಗೆ, ರಾಜ್ಯೋತ್ಸವ
- ನವೆಂಬರ್‌ನಿಂದ ಮೇ: ಯಕ್ಷಗಾನದ ಆಟ
- ಜನವರಿಯಿಂದ ಏಪ್ರಿಲ್: ಜಾತ್ರೆ, ಶಾಲಾ ವಾರ್ಷಿಕೋತ್ಸವ, ಊರಿನ ಹವ್ಯಾಸಿ ನಾಟಕ
- ಏಪ್ರಿಲ್-ಮೇ: ಮಕ್ಕಳ ಬೇಸಿಗೆ ಶಿಬಿರ, ಮದುವೆ ಸೀಸನ್

ಗಮನಿಸಬೇಕಾದ್ದು: ಕೊಯ್ಲಿನ ಸಮಯದಲ್ಲಿ ಮನೆಮಂದಿಯೆಲ್ಲ ಸುಲಿತಕ್ಕೆ ಕೂತಿರುತ್ತಾರೆ. ಆಗ ದೊಡ್ಡ ಕಾರ್ಯಕ್ರಮ ಇಟ್ಟರೆ ಹಳ್ಳಿಯ ಜನ ಬರೋದು ಕಷ್ಟ. ಹಿನ್ನೀರಿನ ಆಚೆಯವರ ವಿಷಯ ಈಗ ಬದಲಾಗಿದೆ. ಲಾಂಚ್ ಸಂಜೆಗೇ ನಿಲ್ಲುತ್ತಿದ್ದರಿಂದ ರಾತ್ರಿ ಕಾರ್ಯಕ್ರಮಕ್ಕೆ ಬಂದು ವಾಪಸ್ ಹೋಗೋ ಹಾಗಿರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ರಾತ್ರಿಯೂ ಓಡಾಡಬಹುದು. ಸಂಘಟಕರು ಆ ಕಡೆಯ ಊರುಗಳಲ್ಲೂ ಪ್ರಚಾರ ಮಾಡಿದರೆ ಹೊಸ ಪ್ರೇಕ್ಷಕರು ಸಿಗುತ್ತಾರೆ.

ಕಾರ್ಯಕ್ರಮ ಮಾಡುವವರು ತಿಳಿದಿರಬೇಕಾದ್ದು

*ಮೈಕಿನ ಸಮಯ:* 2000ದ ಶಬ್ದಮಾಲಿನ್ಯ ನಿಯಮದಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ ವಿನಾಯಿತಿ ಇದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗಾಗಿ ದಿನಾಂಕ ನಿಗದಿ ಮಾಡುವ ಮುಂಚೆಯೇ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು.

*ಸಂಘದ ನೋಂದಣಿ:* ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ-ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಇದೆ. ಪ್ರದರ್ಶನದ ಫೋಟೊ, ಕರಪತ್ರ, ಪತ್ರಿಕಾ ವರದಿಗಳನ್ನು ತಂಡಗಳು ವರ್ಷವರ್ಷವೂ ಫೈಲ್ ಮಾಡಿಟ್ಟುಕೊಳ್ಳಬೇಕು. ಎಷ್ಟೋ ಹಿರಿಯರು ಜೀವನಪೂರ್ತಿ ಹಾಡಿದ್ದರೂ ಕೈಯಲ್ಲಿ ಒಂದು ತುಂಡು ದಾಖಲೆ ಇಲ್ಲದೆ ಅಲೆಯುವುದುಂಟು.

*ಕುಶಲಕರ್ಮಿಗಳಿಗೆ:* 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಶಿಲ್ಪಿ, ಕುಂಬಾರ, ಬುಟ್ಟಿ ಹೆಣೆಯುವವರು ಸೇರಿ 18 ಕಸುಬುಗಳಿವೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿದೆ.

*ಬ್ಯಾನರ್:* ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಬರೆಸಿದರೆ ದಂಡದ ಭಯ ಇಲ್ಲ, ಊರಿನ ಚಿತ್ರ ಬರೆಯುವವರಿಗೂ ಕೆಲಸ.

ಅಂಗಡಿಯವರು ಏನು ಮಾಡಬಹುದು?

ಒಂದು ಆಟ ಅಥವಾ ನಾಟಕ ನಡೆದರೆ ಶಾಮಿಯಾನ, ಮೈಕ್‌ಸೆಟ್, ಪ್ರಿಂಟಿಂಗ್ ಪ್ರೆಸ್, ಹೋಟೆಲ್, ಹೂವಿನ ಅಂಗಡಿ, ಆಟೊ ಎಲ್ಲರಿಗೂ ವ್ಯಾಪಾರ. ಆದರೂ ರಸೀದಿ ಪುಸ್ತಕ ಹಿಡಿದು ಬಂದವರನ್ನು ನೋಡಿದರೆ ಬೇಸರ ಆಗೋದು ಸಹಜ, ಒಂದೇ ವಾರದಲ್ಲಿ ನಾಲ್ಕು ಸಂಘದವರು ಬರುತ್ತಾರೆ. ಇದಕ್ಕೆ ಒಂದು ದಾರಿ ಅಂದರೆ ವರ್ಷಕ್ಕೆ ಇಷ್ಟು ಅಂತ ಮೊದಲೇ ಎತ್ತಿಟ್ಟು, ಎರಡೋ ಮೂರೋ ಕಾರ್ಯಕ್ರಮ ಆರಿಸಿಕೊಂಡು ಕೊಡೋದು. ಸಂಘಟಕರೂ ಕಾರ್ಯಕ್ರಮ ಮುಗಿದ ಮೇಲೆ ಜಮಾ-ಖರ್ಚಿನ ಲೆಕ್ಕವನ್ನು ಕೊಟ್ಟವರಿಗೆ ತೋರಿಸಬೇಕು. ಲೆಕ್ಕ ತೋರಿಸಿದ ಸಂಘಕ್ಕೆ ಮುಂದಿನ ವರ್ಷ ಕೇಳದೆಯೇ ದುಡ್ಡು ಬರುತ್ತದೆ.

ದುಡ್ಡು ಕೊಡಲು ಆಗದವರು ಹೋಗಿ ಕೂತು ನೋಡಿದರೂ ಸಾಕು. ಖಾಲಿ ಕುರ್ಚಿಗಳ ಎದುರು ಎರಡು ವರ್ಷ ಆಡಿದ ತಂಡ ಮೂರನೇ ವರ್ಷ ಬಣ್ಣ ಹಚ್ಚೋದಿಲ್ಲ.